ಬಾಯಿ ಬಿಡದ ಡಾಕ್ಟರೂ ನಮ್ಮ ನೀಲವ್ವನ ಲಗ್ನವೂ

ನಮ್ಮ ನೀಲವ್ವನ ಲಗ್ನ ಮುರಿಯುವ ಹಂತಕ್ಕೆ ಬಂದದ್ದು ಗೋಕಾಕದ ಹೊಸ ಡಾಕ್ಟರು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ. ಅಷ್ಟೇ. ಹುಡುಗಿಗೆ ಗಾಳಿ ಬಡಿದಿದೆ ಎಂದರು, ಗಂಡಿನವರ ಕಿವಿ ಯಾರೋ ಊದಿದರು ಎಂದರು, ಎಲ್ಲಾ ಸುಳ್ಳು. ಮಾತಾಡಿ ಲಗ್ನ ಕೆಡಿಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಾತಾಡದೆ ಕೆಡಿಸಲು ಹೊರಟವರು ಇವರೊಬ್ಬರೇ.

ನಮ್ಮ ತುಕ್ಕಾನಟ್ಟಿಯಲ್ಲಿ ಜಡ್ಡು ಎಂದರೆ ಊರಿಗೆಲ್ಲ ಸೇರಿದ ಸೊತ್ತು. ಒಬ್ಬರಿಗೆ ಜ್ವರ ಬಂದರೆ ಚಕ್ಕಡಿ ತುಂಬ ಜನ ಗೋಕಾಕಕ್ಕೆ ಹೊರಡುವುದು ವಾಡಿಕೆ. ಒಮ್ಮೊಮ್ಮೆ ಎಲ್ಲರೂ ಹತ್ತಿ ಕೂತ ಮೇಲೆ ಜಡ್ಡಿನವರಿಗೇ ಜಾಗ ಸಾಲುತ್ತಿರಲಿಲ್ಲ. ಹಳೇ ಡಾಕ್ಟರ ಕಾಲದಲ್ಲಿ ಅಷ್ಟೂ ಜನ ಒಳಗೆ ನುಗ್ಗುತ್ತಿದ್ದೆವು. "ಎಲ್ಲಿ ನೋಯತೈತಿ?" ಎಂದು ಅವರು ಕೇಳಿದರೆ, ನೋಯುವವನು ಬಾಯಿ ತೆರೆಯುವುದರೊಳಗೆ ನಾವೇ ಹೇಳಿ ಮುಗಿಸುತ್ತಿದ್ದೆವು. ನನ್ನ ಗಂಡ ಬದುಕಿದ್ದಾಗ ಅವರ ಹೊಟ್ಟೆನೋವನ್ನು ನಾನು ಎಷ್ಟು ಚೆಂದ ಬಣ್ಣಿಸಿದ್ದೆನೆಂದರೆ, ಡಾಕ್ಟರು ನನ್ನ ನಾಲಗೆಯನ್ನೇ ಹೊರಗೆ ಹಾಕಿಸಿ ನೋಡಿದ್ದರು. ತಿರುಗಿ ಬರುವಾಗ ಔಷಧದ ಬಾಟಲಿ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಬರಬೇಕು. ಕೆಂಪಗಿದ್ದರೆ ಹೊಟ್ಟೆ, ಕಂದು ಬಣ್ಣವಿದ್ದರೆ ಕೆಮ್ಮು ಎಂದು ಊರ ಅಗಸಿಬಾಗಿಲಲ್ಲಿ ಕೂತ ಮುದುಕರೇ ತೀರ್ಪು ಕೊಡುತ್ತಿದ್ದರು. ಅವರ ತೀರ್ಪಿಗೆ ಫೀ ಇರಲಿಲ್ಲ, ಅದೊಂದು ಅನುಕೂಲ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತರಲ್ಲಿ ಈ ಹೊಸ ಡಾಕ್ಟರು ಬಂದರು. ತೆಳ್ಳನೆಯ ಮನುಷ್ಯ, ನಮ್ಮ ಟಗರು ಎದುರು ಬಂದರೆ ಹಾದಿ ಬಿಟ್ಟುಕೊಡಬೇಕು, ಹಂಗಿದ್ದರು. ಮೊಮ್ಮಗಳು ನೀಲವ್ವ "ಆಯಿ, ನನಗ ಸ್ವಲ್ಪ ತ್ರಾಸ ಐತಿ, ಡಾಕ್ಟರಿಗೆ ತೋರಿಸಬೇಕು" ಎಂದಳು. ಏನು ಎಂದರೆ ಹೇಳಲಿಲ್ಲ. ಅಲ್ಲಿ ಕೇಳಿಸಿಕೊಂಡರಾಯಿತು ಎಂದು ನಾನು, ನನ್ನ ಸೊಸೆ, ಬಾಜೂಮನೆಯ ಸತ್ಯವ್ವ ಮೂವರೂ ಹೊರಟೆವು. ಡಾಕ್ಟರು ನಮ್ಮನ್ನು ಬಾಗಿಲಲ್ಲೇ ತಡೆದರು.

"ಹುಡುಗಿ ಒಬ್ಬಾಕಿ ಒಳಗ ಬರ್ಲಿ. ನರ್ಸಬಾಯಿ ಅದಾರ. ನೀವು ಹೊರಗ ಕುಂಡ್ರರಿ."

"ನಾವು ಬಂದದ್ದ ಕೇಳಾಕ ರೀ!" ಎಂದಳು ಸತ್ಯವ್ವ, ಪಾಪ, ಇದ್ದದ್ದು ಇದ್ದಂಗೆ.

ಬಾಗಿಲು ಮುಚ್ಚಿತು. ಹೊರಗೆ ಬಂದ ನೀಲವ್ವನ ಕೈಯಲ್ಲಿದ್ದ ಬಾಟಲಿಗೆ ಹಳೇ ಪೇಪರು ಸುತ್ತಿತ್ತು. ಅದು ಎಲ್ಲಾದರೂ ಹರಿದೀತೇ ಎಂದು ಸತ್ಯವ್ವ ಊರು ಬರುವತನಕ ಕಣ್ಣು ಕೀಳಲಿಲ್ಲ. ಹರಿಯಲಿಲ್ಲ. ಊರಿಗೆ ಬಂದ ಮೇಲೆ ಸತ್ಯವ್ವ ಸುಮ್ಮನಿರುವವಳೇ? ಪೇಪರು ಸುತ್ತಿದ ಬಾಟಲಿಯ ಸುದ್ದಿ ಅಂಕಲಗಿಗೆ ಹೋಗಿ ಮುಟ್ಟಿತು.

ಅಂಕಲಗಿಯ ಶಿವಪ್ಪನಿಗೆ ನೀಲವ್ವನನ್ನು ಕೊಡುವುದೆಂದು ಗೊತ್ತಾಗಿ ಸಕ್ಕರೆ ಹಂಚಿಯಾಗಿತ್ತು. ಹುಡುಗನ ತಾಯಿ ಬಾಳವ್ವ ನೆಟ್ಟಗೆ ದವಾಖಾನೆಗೇ ಹೋಗಿ "ಆ ಹುಡುಗಿಗೆ ಏನಾಗೈತ್ರಿ?" ಎಂದು ಕೇಳಿದಳಂತೆ. ಡಾಕ್ಟರು "ಅದನ್ನ ಹೇಳಾಕ ಬರೂದಿಲ್ರಿ" ಎಂದರಂತೆ. ಡಾಕ್ಟರ ಬಾಯಲ್ಲೇ ಹೇಳಲು ಬಾರದ್ದೆಂದರೆ ಎಂಥ ಜಡ್ಡಿರಬೇಕು! ಲಗ್ನ ಮುಂದೆ ನೋಡೋಣ ಎಂದು ಅವರ ಮನೆಯಿಂದ ಸುದ್ದಿ ಬಂತು. ಮುಂದೆ ನೋಡೋಣ ಎಂದರೆ ಬೇಡ ಎಂದು ಅರ್ಥ, ಇದು ನನಗೆ ಯಾರೂ ಕಲಿಸಬೇಕಿಲ್ಲ.

ಆ ಹುಡುಗ ನೀಲವ್ವನ ಮನಸ್ಸಿಗೆ ಬಂದಿದ್ದ. ಅವಳು ಅಳಲಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು. ನಾನು ಒಲೆಯ ಮುಂದೆ ಕೂತು ಬೈದೆ. "ಏನಾಗಿತ್ತು ಹೇಳಲೇ. ನಾ ಹೋಗಿ ಬಾಳವ್ವಗ ಹೇಳಿ ಬರ್ತೇನಿ, ಎಲ್ಲಾ ಸರಿ ಆಗತೈತಿ."

"ಹೇಳೂದಿಲ್ಲ."

"ಲಗ್ನ ತಪ್ಪತೈತಲ್ಲ, ಹುಚ್ಚಿ!"

"ತಪ್ಪಲಿ. ಈ ಮನ್ಯಾಗ ನನ್ನ ಸೀರಿ ಅವ್ವ ಉಡ್ತಾಳ, ನನ್ನ ಬಳಿ ತಂಗಿ ಹಾಕ್ಕೋತಾಳ. ನನ್ನದು ಅಂತ ಇದೊಂದರ ಇರ್ಲಿ ಬಿಡ, ಆಯಿ."

ಜಡ್ಡನ್ನು ಗಂಟು ಕಟ್ಟಿ ಇಟ್ಟುಕೊಳ್ಳುವವಳನ್ನು ನಾನು ಅವತ್ತೇ ಮೊದಲು ಕಂಡದ್ದು. ಇವಳ ಹತ್ತಿರ ಆಗುವುದಿಲ್ಲ ಎಂದು ಡಾಕ್ಟರ ಹತ್ತಿರ ಹೋದೆ.

"ನಾ ಅಕಿ ಆಯಿ. ನನಗರ ಹೇಳ್ರಿ."

"ಅಕಿ ಹೇಳಂದ್ರ ಹೇಳ್ತೇನ್ರಿ. ಜಡ್ಡಿನವರು ಹೇಳಿದ್ದು ನಮ್ಮ ಹೊಟ್ಟ್ಯಾಗ ಇರಬೇಕು, ಅದು ನಮ್ಮ ಧರ್ಮ. ಕೋರ್ಟಿನ್ಯಾಗ ಜಜ್ಜ ಸಾಹೇಬ್ರು ಕೇಳಿದ್ರ ಮಾತ್ರ ಹೇಳಬೇಕಾಗತೈತಿ."

"ಕೋರ್ಟ ಇಲ್ಲೇ ಐತಲ್ಲ. ಸಾಹೇಬ್ರನ್ನ ಕರಕೊಂಡ ಬರ್ಲೇನು?"

"ಅವರು ಹಂಗ ಬರೂದಿಲ್ಲಾಯಿ. ದಾವೆ ನಡೆದಿರಬೇಕು."

"ಮೊಮ್ಮಗಳ ಮ್ಯಾಲ ದಾವೆ ಹಾಕಲೇನು?"

ಡಾಕ್ಟರು ನಕ್ಕರು, ಖರೆ, ಬಾಯಿ ಮಾತ್ರ ಬಿಡಲಿಲ್ಲ. ನನಗೆ ರೇಗಿತು. "ಹಂಗಾರ ಆ ಅಂಕಲಗಿ ಶಿವಪ್ಪಗ ಏನ ಜಡ್ಡು ಐತಿ?" ಎಂದು ಸುಮ್ಮನೆ ಕೇಳಿದೆ. "ಅದನ್ನೂ ಹೇಳಾಕ ಬರೂದಿಲ್ರಿ" ಎಂದರು. ಆಗ ನನ್ನ ತಲೆಯೊಳಗೆ ಬೆಳಕು ಹರಿಯಿತು. ಸಾಲಿಗೆ ಹೋಗದ ತಲೆ, ಬೆಳಕು ತಡವಾಗಿಯೇ ಬರುತ್ತದೆ.

ಸಂತೆಯ ದಿನ ಗೋಕಾಕದಲ್ಲಿ ಬಾಳವ್ವ ಸಿಕ್ಕಳು. ಮೆಣಸಿನಕಾಯಿ ಆರಿಸುತ್ತಿದ್ದವಳ ಕೈ ಹಿಡಿದು "ಬರ್ರಿ, ನಿಮ್ಮ ಮಗನ ಸುದ್ದಿ ಕೇಳಿ ಬರೂಣ" ಎಂದು ದವಾಖಾನೆಗೆ ಎಳೆದುಕೊಂಡು ಹೋದೆ.

"ನಮ್ಮ ಶಿವಪ್ಪಗ ಏನಾಗೈತ್ರಿ?" ಬಾಳವ್ವ ಗಾಬರಿಯಾಗಿ ಕೇಳಿದಳು.

"ಹೇಳಾಕ ಬರೂದಿಲ್ರಿ."

"ಅಯ್ಯ, ಅವ ಹುಟ್ಟಿದಾಗಿಂದ ಡಾಕ್ಟರ ಮಾರಿ ನೋಡಿಲ್ರಿ! ಎಮ್ಮಿ ಹಂಗ ಅದಾನ!"

"ಸಂತೋಷರಿ."

"ಹಂಗಾರ ಏನೂ ಇಲ್ಲಂತ ಹೇಳ್ರಿ!"

"ಅದೂ ಬರೂದಿಲ್ರಿ. ಅವರು ಇಲ್ಲಿಗೆ ಬಂದಾರೋ ಇಲ್ಲೋ, ಅದನ್ನೂ ನಾ ಹೇಳೂ ಹಂಗಿಲ್ಲ."

ಹೊರಗೆ ಬಂದ ಬಾಳವ್ವನ ಮುಖ ಒಣಗಿದ ಬದನೆಕಾಯಿ ಆಗಿತ್ತು. "ಬೀಗತಿ, ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ಜನಕ್ಕ ಏನ ಗೊತ್ತಾಗತೈತಿ, ಹುಡುಗಗ ಏನೋ ಐತಿ ಅಂತಾರ" ಎಂದಳು.

"ಆಡೂದಿಲ್ಲ ಬಿಡ್ರಿ. ನಿಮ್ಮ ಹುಡುಗಗ ಏನೂ ಇಲ್ಲ, ಆದ್ರೂ ಡಾಕ್ಟರು ಹೇಳಾಕ ಬರೂದಿಲ್ಲ ಅಂದ್ರು. ನಮ್ಮ ಹುಡುಗಿಗೂ ಅಷ್ಟ ಅಂದಾರ. ಈಗ ನೀವ ಹೇಳ್ರಿ, ಜೋಡಿ ಹೆಂಗೈತಿ?"

ಬಾಳವ್ವ ನನ್ನ ಮುಖ ನೋಡಿದಳು, ದವಾಖಾನೆಯ ಬಾಗಿಲು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು ನೋಡಿ, ಸಂತೆಯ ಜನ ತಿರುಗಿ ನೋಡಬೇಕು! "ಬೀಗತನ ಮಾಡಿದ್ರ ನಿಮ್ಮಂಥಾವರ ಜೋಡಿ ಮಾಡಬೇಕವ್ವ" ಎಂದು ಅಲ್ಲೇ ನನ್ನ ಕೈಗೆ ಎಲೆ ಅಡಿಕೆ ಕೊಟ್ಟಳು. ಲಗ್ನ ಚೆಂದಾಗಿ ಆಯಿತು. ನೀಲವ್ವ ಈಗ ಮಕ್ಕಳೊಂದಿಗೆ ಅಂಕಲಗಿಯಲ್ಲಿ ಆರಾಮ ಇದ್ದಾಳೆ. ಅವಳಿಗೆ ಆಗ ಏನಾಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೊಟ್ಟೆ ಉರಿಯುತ್ತದೆ, ಏನು ಮಾಡಲಿ.

ಆದರೆ ಅವತ್ತು ಸಂತೆಯಿಂದ ತಿರುಗಿ ಬರುವಾಗ ನನ್ನ ಲಕ್ಷ್ಯ ಲಗ್ನದ ಮೇಲೆ ಇರಲಿಲ್ಲ. ಎರಡು ಮನೆಯ ಹೆಂಗಸರು ಕೂಡಿ ಜಗ್ಗಿದರೂ ಬಾಯಿ ಬಿಡದ ಗಂಡಸು! ಇಂಥ ಮನುಷ್ಯ ಈ ಸೀಮೆಯಲ್ಲಿ ಇನ್ನೊಬ್ಬ ಇಲ್ಲ. ಮರುದಿನ ಮುಂಜಾನೆ ಸೊಸೆಗೆ ಕಂಬಳಿ ಮಾರಲು ಹೋಗುತ್ತೇನೆ ಎಂದು ಹೇಳಿ, ಒಬ್ಬಳೇ ಮೊದಲ ಬಸ್ಸು ಹತ್ತಿದೆ. ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಕೂತು, ಎಷ್ಟೋ ವರ್ಷದಿಂದ ಯಾರ ಮುಂದೂ ಆಡದಿದ್ದ ನನ್ನ ತ್ರಾಸನ್ನೆಲ್ಲ ಆಡಿಬಿಟ್ಟೆ. ಅದೇನು ಎಂದು ತಿಳಿಯಬೇಕಾದರೆ ಡಾಕ್ಟರನ್ನೇ ಕೇಳಿರಿ.