ವೈನಿನ ಪಕ್ಕದಲ್ಲಿ ಅನಾನಸ್ ಗೊಜ್ಜು

ನನ್ನ ಒಂದು ಜಂಬವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೆರಡು ವರ್ಷದಿಂದ ಬಸವನಗುಡಿಯ ಒಂದೇ ಅಡುಗೆಮನೆಯಲ್ಲಿ ಸೌಟು ಆಡಿಸುತ್ತಿದ್ದೇನೆ. ಒಲೆಯ ಮೇಲಿರುವುದನ್ನು ಒಂದು ದಿನವೂ ರುಚಿ ನೋಡಿದವಳಲ್ಲ. ನಮ್ಮ ಮನೆಯ ಪದ್ಧತಿ ಹಾಗೆ. ಮೊದಲು ದೇವರಿಗೆ ನೈವೇದ್ಯ, ಆಮೇಲೆ ಬಂದವರಿಗೆ, ಮಿಕ್ಕಿದ್ದರೆ ಮಾಡಿದವಳಿಗೆ. ನಡುವೆ ಒಂದು ತೊಟ್ಟು ನಾಲಿಗೆಗೆ ತಾಗಿಸಿದರೂ ಇಡೀ ಪಾತ್ರೆ ಎಂಜಲು. ಹಾಗಾದರೆ ಉಪ್ಪು ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಎಂದು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯವರನ್ನು ಕೇಳಿದ್ದೆ. "ಮೂಗು ಯಾಕಿದೆ?" ಎಂದರು. ಮೂಸಿದರೆ ಎಂಜಲಾಗುವುದಿಲ್ಲವೇ ಎಂದು ಮರುಪ್ರಶ್ನೆ ಹಾಕುವ ಧೈರ್ಯ ಆಗ ಇರಲಿಲ್ಲ. ಅವರು ಕುದಿಯುವ ಸಾರಿನ ಆವಿಯಲ್ಲೇ ಉಪ್ಪು ಹೇಳುತ್ತಿದ್ದರು. ಆ ವಿದ್ಯೆ ನನಗೂ ಬಂದಿದೆ ಎಂದು ನಾನೇ ಘೋಷಿಸಿಕೊಂಡು ಬಹಳ ಕಾಲವಾಯಿತು. ನಿಜ ಹೇಳಬೇಕೆಂದರೆ ನನ್ನ ಮೂಗಿಗೆ ನೆಗಡಿ ಬಿಟ್ಟು ಬೇರೇನೂ ಗೊತ್ತಿಲ್ಲ. ಕೆಲಸ ಮಾಡುವುದು ಕೈ. ಇಷ್ಟು ಜನಕ್ಕೆ ಇಷ್ಟು ಹಿಡಿ ಎಂದು ಜಾಡಿಯಿಂದ ಕಲ್ಲುಪ್ಪು ತೆಗೆದು ಹಾಕುತ್ತೇನೆ, ಆಮೇಲೆ ಪಾತ್ರೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿ ಮೂಸುವ ನಾಟಕ ಆಡುತ್ತೇನೆ.

ಈ ಕೈರುಚಿಯನ್ನು ನಮ್ಮ ಇಡೀ ಬೀದಿ ಮೆಚ್ಚಿದೆ. ಮೆಚ್ಚದವರು ಒಬ್ಬರೇ, ನನ್ನ ಗಂಡನ ಅಕ್ಕ, ಮಲ್ಲೇಶ್ವರದ ಸರೋಜತ್ತಿಗೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನೂರಕ್ಕೆ ನೂರು ಕೊಟ್ಟರೆ ಮಕ್ಕಳು ಕೆಟ್ಟುಹೋಗುತ್ತಾರೆ ಎಂಬುದು ಅವರ ನಂಬಿಕೆ. ನಾನು ಕೆಟ್ಟುಹೋಗದಂತೆ ಮದುವೆಯಾದ ದಿನದಿಂದಲೂ ಕಾಪಾಡಿಕೊಂಡು ಬಂದಿದ್ದಾರೆ. "ಹುಳಿ ಒಂದು ಚೂರು ಮುಂದಿದೆ ಕಣೆ ವಿಮಲಾ." "ಒಗ್ಗರಣೆಗೆ ಅವಸರ ಮಾಡಿದೀಯ." ಹೀಗೆ ಹೇಳುತ್ತಲೇ ತಟ್ಟೆ ಖಾಲಿ ಮಾಡುತ್ತಾರೆ, ಆದರೆ 'ಚೆನ್ನಾಗಿದೆ' ಎಂಬ ಮಾತು ಮಾತ್ರ ಆ ಬಾಯಿಂದ ಬಂದದ್ದಿಲ್ಲ. ಅವರು ಮೊದಲ ತುತ್ತು ಬಾಯಿಗಿಡುವಾಗ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಐವತ್ತೇಳು ವರ್ಷದ ಹೆಂಗಸು ಹೀಗೆ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗಬೇಕು, ಆಗುತ್ತದೆ ಕೂಡ.

ಹೀಗಿರುವಾಗ ಶೇಷಾದ್ರಿಪುರದ ಆಚೆಯ ಮೈದಾನವೊಂದರಲ್ಲಿ ನಾಡಿನ ತಿಂಡಿ ಮತ್ತು ವೈನ್‌ಗಳ ಉತ್ಸವ ನಡೆಯುವುದೆಂದೂ, ಮನೆ ಅಡುಗೆಯವರಿಗೂ ಮಳಿಗೆ ಕೊಡುತ್ತಾರೆಂದೂ ಹೇಳಿ ಎದುರುಮನೆಯ ಸೊಸೆ ನನ್ನ ಹೆಸರು ಬರೆಸಿಬಿಟ್ಟಳು. ವೈನ್ ಎಂದ ತಕ್ಷಣ ನಾನು ಮುಖ ಸಿಂಡರಿಸಿದೆ. ಎಷ್ಟು ಹೊತ್ತು ಸಿಂಡರಿಸಿದರೆ ಮರ್ಯಾದೆಯೋ ಅಷ್ಟು ಹೊತ್ತು ಸಿಂಡರಿಸಿ ಒಪ್ಪಿಕೊಂಡೆ. ನೂರಾರು ಜನ ಹೊಗಳುವಾಗ ಅತ್ತಿಗೆ ಪಕ್ಕದಲ್ಲೇ ನಿಂತಿರಬೇಕು ಎಂಬ ದುರಾಸೆಯಿಂದ ಅವರಿಗೂ ಫೋನ್ ಮಾಡಿದೆ. "ಹೆಂಡದ ಜಾತ್ರೆಗಾ? ನಾನಾ?" ಎಂದು ಗದರಿ, ಒಂದು ಕ್ಷಣ ಬಿಟ್ಟು, "ಎಷ್ಟು ಗಂಟೆಗೆ?" ಎಂದರು.

ಅಲ್ಲಿ ನನಗೊಂದು ಬಿಳಿ ಟೋಪಿ ಕೊಟ್ಟರು. ಅದು ನನ್ನ ತುರುಬಿನ ಮೇಲೆ ಕೂರಲೊಲ್ಲದೆ ಎರಡು ಸಲ ಬಾಣಲೆಗೆ ಬೀಳಲು ಹೊರಟಿತು. ನನ್ನ ಪಕ್ಕದ್ದೇ ವೈನ್ ಮಳಿಗೆ. ಅದರ ಯಜಮಾನ, ನರೆತ ಗಡ್ಡದ ಸಂಭಾವಿತ, ಗ್ಲಾಸನ್ನು ಗಿರಗಿರ ತಿರುಗಿಸಿ ಮೂಗಿಗೆ ಹಿಡಿದು, "ಮೇಡಂ, ಇದ್ರಲ್ಲಿ ಒದ್ದೆ ಮಣ್ಣಿನ ಘಮ ಇದೆ ನೋಡಿ" ಎಂದ. ಮಣ್ಣಿನ ವಾಸನೆ ಬಂದರೆ ನಾವು ಸೊಪ್ಪನ್ನು ಇನ್ನೊಂದು ಸಲ ತೊಳೆಯುತ್ತೇವೆ ಎಂದು ಹೇಳಬೇಕೆನಿಸಿತು. ಮೂಸಿಯೇ ಎಲ್ಲ ತಿಳಿದವರಂತೆ ಮುಖ ಮಾಡುವ ಇನ್ನೊಬ್ಬರು ಸಿಕ್ಕರಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು.

ಎಲ್ಲವನ್ನೂ ಅಲ್ಲೇ ಮಾಡಬೇಕೆಂಬುದು ನಿಯಮ, ಸಾಮಾನು ಉತ್ಸವದವರದೇ. ದೊಡ್ಡ ಬಾಣಲೆಯಲ್ಲಿ ಅನಾನಸ್ ಗೊಜ್ಜು ಕುದಿಸಿದೆ. ಉಪ್ಪಿನ ಡಬ್ಬಿಗೆ ಕೈ ಹಾಕಿ ಆರು ಹಿಡಿ ಎಣಿಸಿ ಹಾಕಿ, ನಾಲ್ಕು ಜನ ನೋಡಲಿ ಎಂದು ಬಗ್ಗಿ ಮೂಸಿದೆ. ಪರ್ಸಿನಲ್ಲಿದ್ದ ಪುಟ್ಟ ದೇವರ ಪಟದ ಮುಂದೆ ಒಂದು ಚಮಚ ಇಟ್ಟು ಕೈಮುಗಿದು, ಪುಟ್ಟ ದೋಸೆಯ ಜೊತೆ ಬಡಿಸಲು ಶುರುಮಾಡಿದೆ. ಜನ ಬಂದರು. ಒಂದು ತುತ್ತು ತಿನ್ನುವುದು, ಹುಬ್ಬೇರಿಸುವುದು, ಪಕ್ಕದ ಮಳಿಗೆಗೆ ಧಾವಿಸುವುದು. ಒಬ್ಬರಲ್ಲ ಇಬ್ಬರಲ್ಲ, ಎಲ್ಲರೂ ಹಾಗೇ. ಅಯ್ಯೋ, ಬಾಯಲ್ಲಿರುವ ತುತ್ತು ನುಂಗುವಷ್ಟೂ ತಾಳ್ಮೆಯಿಲ್ಲದಂತೆ ಈ ಚಟ ಮಾಡಿಬಿಟ್ಟಿದೆಯಲ್ಲ ಎಂದು ನನಗೆ ಮರುಕ ಉಕ್ಕಿತು. ಗಡ್ಡದ ಯಜಮಾನ ಮಾತ್ರ ನಡುನಡುವೆ ನನ್ನ ಕಡೆ ತಿರುಗಿ ಕೃತಜ್ಞತೆಯಿಂದ ನಗುತ್ತಿದ್ದ.

ಅಷ್ಟರಲ್ಲಿ ಅತ್ತಿಗೆ ಬಂದರು, ರೇಷ್ಮೆ ಸೀರೆಯಲ್ಲಿ. ಹತ್ತಾರು ಜನರ ನಡುವೆ ನಿಂತು ಮೊದಲ ತುತ್ತು ಬಾಯಿಗಿಟ್ಟರು. ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಅವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಕಣ್ಣಂಚಿನಲ್ಲಿ ನೀರು. ಸುತ್ತ ನಿಂತವರನ್ನೊಮ್ಮೆ ನೋಡಿ, ಕ್ಲಾಸಿಗೆ ಕೇಳುವಂಥ ಗಟ್ಟಿ ದನಿಯಲ್ಲಿ, "ಚೆನ್ನಾಗಿದೆ ಕಣೆ ವಿಮಲಾ. ತುಂಬಾ ಚೆನ್ನಾಗಿದೆ" ಎಂದರು. "ಇನ್ನೊಂದು ಸ್ವಲ್ಪ ಹಾಕ್ಲಾ ಅತ್ತಿಗೆ?" ಎಂದೆ. ಅವರು ನನ್ನ ಮುಖ ನೋಡಿದರು, ತಟ್ಟೆ ಚಾಚಿದರು. ಸ್ವಲ್ಪವೇನು, ತುಂಬು ಸೌಟು ಸುರಿದೆ. ಒಂದು ತೊಟ್ಟೂ ಬಿಡದೆ ತಿಂದರು.

ಜನ ಕರಗಿದ ಮೇಲೆ, ಪದ್ಧತಿಯಂತೆ ಕೊನೆಗೆ, ನಾನು ಒಂದು ಚಮಚ ಬಾಯಿಗಿಟ್ಟೆ. ಸಮುದ್ರ! ಡಬ್ಬಿ ತೆಗೆದು ನೋಡಿದರೆ ಒಳಗಿದ್ದದ್ದು ನುಣ್ಣನೆಯ ಪುಡಿಯುಪ್ಪು. ಕಲ್ಲುಪ್ಪಿನ ಹಿಡಿಯಲ್ಲಿ ಅರ್ಧ ಸಂದೇ ಇರುತ್ತದೆ; ಪುಡಿಯ ಹಿಡಿಯಲ್ಲಿ ಬರೀ ಉಪ್ಪು. ಇಷ್ಟು ವರ್ಷದ ಕೈಗೆ ಅದು ತಿಳಿಯಲಿಲ್ಲ, ಮೂಗಂತೂ ಕೇಳಲೇಬೇಡಿ. ಗಡ್ಡದವನ ಸೀಸೆಗಳೆಲ್ಲ ಖಾಲಿಯಾಗಿದ್ದವು. "ಮುಂದಿನ್ ಸಲಾನೂ ನಮ್ ಪಕ್ಕದಲ್ಲೇ ಹಾಕ್ಬೇಕು ಮೇಡಂ" ಎಂದ.

ಅತ್ತಿಗೆ ರಾತ್ರಿ ನಮ್ಮಲ್ಲೇ ಉಳಿಯುವವರಿದ್ದರು. ಆಟೋದಲ್ಲಿ ಮೆಜೆಸ್ಟಿಕ್ ಬರುವಷ್ಟರಲ್ಲಿ ಎರಡು ಬಾಟಲಿ ನೀರು ಮುಗಿಸಿದರು. ತಡೆಯಲಾರದೆ ಕೇಳಿದೆ, "ಉಪ್ಪು ಗೊತ್ತಾಗ್ಲಿಲ್ವಾ ಅತ್ತಿಗೆ?"

"ಗೊತ್ತಾಗ್ದೆ ಏನು, ನಾಲಿಗೆ ಸುಟ್ಟೋಯ್ತು. ಮನೇಲಾಗಿದ್ರೆ ಹೇಳ್ತಿದ್ದೆ. ಹೊರಗಿನವ್ರ ಮುಂದೆ ನಮ್ಮನೆ ಹುಡುಗೀನ ಬಿಟ್ಕೊಡಕ್ಕಾಗತ್ತಾ?"

"ಮತ್ತೆ ಎರಡ್ನೇ ಸಲ ಯಾಕೆ ಹಾಕಿಸ್ಕೊಂಡ್ರಿ?"

"ನಿನ್ನ ಮುಖ ನೋಡಿ ಬೇಡ ಅನ್ನಕ್ಕಾಗ್ಲಿಲ್ಲ ಕಣೆ" ಎಂದು ಮೂರನೆಯ ಬಾಟಲಿಯ ಮುಚ್ಚಳ ತಿರುಚಿದರು. ಆ ಕ್ಷಣ ಅವರ ಕಾಲು ಮುಟ್ಟಿ ನಮಸ್ಕರಿಸಬೇಕೆನಿಸಿತು. ಆಟೋದಲ್ಲಿ ಬಗ್ಗಲು ಜಾಗವಿರಲಿಲ್ಲ.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಕಾಯುತ್ತಿದ್ದರು. "ಹೇಗಾಯ್ತು?" ಎಂದರು. ಹಿಂದೆ ಅತ್ತಿಗೆ ಚಪ್ಪಲಿ ಬಿಡುತ್ತಿದ್ದರು. ಎಲ್ಲವನ್ನೂ ಹೇಳಿಬಿಡೋಣವೆಂದು ನಾನು ಬಾಯಿ ತೆರೆದದ್ದು ನಿಜ.

"ನಿಮ್ಮ ಅಕ್ಕ ಎರಡು ಸಲ ಹಾಕಿಸ್ಕೊಂಡು ತಿಂದ್ರು" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.