ಬೇಕರಿಯಲ್ಲೊಬ್ಬ ಆದಿಮಾನವ

ಹೆಂಡತಿ: ಕಡಲೆಕಾಯಿ ಬೀಜಾನೂ ತಿನ್ನಲ್ವಾ? ನಿನ್ನೆ ತಾನೆ ಬೀಜ ತಿನ್ಬಹುದು ಅಂದ್ರಲ್ರೀ!

ಬೇಕರಿಯವ: ಬೀಜ ತಿನ್ಬಹುದು. ಕಡಲೆಕಾಯಿ ಬೀಜ ಅಲ್ಲ.

ಹೆಂಡತಿ: ಹೆಸರಲ್ಲೇ ಬೀಜ ಇದೆ.

ಬೇಕರಿಯವ: ಹೆಸರಲ್ಲಿ ಇದ್ರೆ ಆಗೋಯ್ತಾ? ಅದು ಕಾಳಿನ ಜಾತಿ. ಕಾಳು ನನಗಿಲ್ಲ. ಬಾದಾಮಿ ಇದೆ. ಗೋಡಂಬಿ ಇದೆ.

ಹೆಂಡತಿ: ಅದು ಕೇಕಿನ ಮೇಲೆ ಇಡೋಕೆ ತಂದಿದ್ದು. ನೀವು ಹೋಗ್ತಾ ಬರ್ತಾ ಡಬ್ಬಿಗೆ ಕೈ ಹಾಕಿ, ಈಗ ಕೇಕುಗಳೆಲ್ಲ ಬೋಳು ತಲೆ ಹೊತ್ಕೊಂಡು ಕೂತಿವೆ.

ಬೇಕರಿಯ ಹಿಂಬದಿಯ ಕೋಣೆ. ಬೆಳಗಿನ ಬ್ರೆಡ್ಡು ಓವನ್ನಿನಿಂದ ಇಳಿದು ಟ್ರೇಗಳಲ್ಲಿ ಆರುತ್ತಿತ್ತು. ಆ ಪರಿಮಳಕ್ಕೆ ಬೆನ್ನು ತಿರುಗಿಸಿ, ಬೋರಲು ಹಾಕಿದ ಡಬ್ಬದ ಮೇಲೆ ಕುಳಿತ ಬೇಕರಿಯವ ಬೇಯಿಸಿದ ಮೊಟ್ಟೆ ಮತ್ತು ಸೌತೆಕಾಯಿ ತಿನ್ನುತ್ತಿದ್ದ. ಕೆಲವು ತಿಂಗಳ ಹಿಂದೆ ಅವನ ಮಂಡಿಗಳು ಮುಷ್ಕರ ಹೂಡಿದ್ದವು. ತೂಕ ಇಳಿಸದಿದ್ದರೆ ಆಗದು ಎಂದರು ಮಂಡಿ ಡಾಕ್ಟರು. ಹೇಗೆ ಇಳಿಸಬೇಕೆಂದು ಹೇಳಿಕೊಟ್ಟವನು ಪಕ್ಕದ ಬೀದಿಯ ಜಿಮ್ ಮಾಸ್ತರ. ಆ ಪಥ್ಯದ ಹೆಸರು ಪೇಲಿಯೋ. ಮನುಷ್ಯ ಬೇಸಾಯ ಕಲಿಯುವ ಮೊದಲು ಏನು ತಿನ್ನುತ್ತಿದ್ದನೋ ಅದನ್ನಷ್ಟೇ ತಿನ್ನಬೇಕು. ಮಾಂಸ, ಮೀನು, ಮೊಟ್ಟೆ, ಹಣ್ಣು, ತರಕಾರಿ ಸರಿ. ಧಾನ್ಯ, ಕಾಳು, ಹಾಲು, ಸಕ್ಕರೆ ಕೂಡದು. ಒಟ್ಟಿನಲ್ಲಿ ಅಪ್ಪನ ಕಾಲದಿಂದ ಆ ಅಂಗಡಿಯಲ್ಲಿ ಮಾಡಿ ಮಾರಿದ್ದು ಯಾವುದೂ ಕೂಡದು.

ಹೆಂಡತಿ: ಹಾಲು ಯಾಕೆ ಬೇಡ? ಹಸು ಆಗ ಇರ್ಲಿಲ್ವಾ?

ಬೇಕರಿಯವ: ಇತ್ತು. ಕಾಡಲ್ಲಿತ್ತು. ಹಾಲು ಕರೆಯೋಕೆ ಹೋದ್ರೆ ಒದೀತಿತ್ತು.

ಹೆಂಡತಿ: ಮತ್ತೆ ಈ ಟೀ?

ಬೇಕರಿಯವ: ಹಾಲಿಲ್ಲದ ಟೀ. ಆಗ ಎಲೆ ಇತ್ತು, ನೀರಿತ್ತು, ಬೆಂಕಿ ಇತ್ತು.

ಹೆಂಡತಿ: ಲೋಟ?

ಬೇಕರಿಯವ ಕೈಯಲ್ಲಿದ್ದ ಲೋಟವನ್ನು ನೋಡಿ, ಒಂದೇ ಗುಟುಕಿಗೆ ಖಾಲಿ ಮಾಡಿ ಕೆಳಗಿಟ್ಟ.

ಹೆಂಡತಿ: ನಿಮ್ಮ ಆದಿಮಾನವ ಬೇಟೆನಾದ್ರೂ ಆಡ್ತಿದ್ದ. ತಾನೇ ಹೊಡೆದು ತರ್ತಿದ್ದ. ನೀವು ಮೊಟ್ಟೆ ತರೋಕೂ ನನ್ನೇ ಅಟ್ತೀರಿ. ನಿನ್ನೆ ಮೀನಿನಂಗಡಿಯವಳು ಕೇಳಿದ್ಳು, ಮನೇಲಿ ಬೆಕ್ಕು ಎಷ್ಟು ಸಾಕಿದೀರಿ ಅಂತ.

ಬೇಕರಿಯವ: ಏನು ಹೇಳ್ದೆ?

ಹೆಂಡತಿ: ಒಂದೇ, ಆದ್ರೆ ದೊಡ್ಡದು ಅಂದೆ.

ಅಷ್ಟರಲ್ಲಿ ಎದುರು ಸಾಲಿನ ಟೈಲರ್, ಹೆಗಲ ಮೇಲೆ ಅಳತೆ ಪಟ್ಟಿ, ಕೈಯಲ್ಲಿ ಒಂದು ಪ್ಯಾಂಟು ಹಿಡಿದು ಬಂದ. ಬೆಳಿಗ್ಗೆ ಬ್ರೆಡ್ಡು ಒಯ್ಯುವುದು ಅವನ ಬಹುಕಾಲದ ರೂಢಿ. ಹೆಂಡತಿ ಕೌಂಟರಿಗೆ ಓಡಿ ಅವನ ಬ್ರೆಡ್ಡಿನ ಪೊಟ್ಟಣ ಕೊಟ್ಟಳು. ಬೇಕರಿಯವನೂ ಸೌತೆಕಾಯಿ ಸಮೇತ ಹಿಂಬಾಲಿಸಿದ.

ಟೈಲರ್: ಯಜಮಾನ್ರೇ, ತಗೊಳ್ಳಿ ನಿಮ್ಮ ಪ್ಯಾಂಟು. ಇನ್ಮೇಲೆ ಸೊಂಟ ಹಿಡಿದು ಚಿಕ್ಕದು ಮಾಡೋಕೆ ನನ್ನ ಹತ್ರ ತರ್ಬೇಡಿ.

ಬೇಕರಿಯವ: ಯಾಕೆ?

ಟೈಲರ್: ಹಿಡಿದೂ ಹಿಡಿದೂ ಹಿಂದಿನ ಎರಡು ಜೇಬು ಒಂದಕ್ಕೊಂದು ಮುಟ್ಟಿವೆ. ಇನ್ನೊಂದು ಸಲ ಹಿಡಿದ್ರೆ ಒಂದೇ ಜೇಬಾಗುತ್ತೆ. ಅದೂ ನಟ್ಟ ನಡುವೆ. ಹೊಸದು ಹೊಲಿಸ್ಕೊಳ್ಳಿ.

ಬೇಕರಿಯವ ಸಂತೋಷದಿಂದ ಹೊಟ್ಟೆ ಸವರಿಕೊಂಡ. ಸವರುವುದಕ್ಕೆ ಹೆಚ್ಚೇನೂ ಸಿಗಲಿಲ್ಲ.

ಟೈಲರ್: ಅದಿರ್ಲಿ. ಬ್ರೆಡ್ಡು ಯಾಕೋ ಸಪ್ಪೆ ಬರ್ತಿದೆಯಲ್ಲ?

ಹೆಂಡತಿ: ಜ್ಯಾಮ್ ಹಚ್ಕೊಳ್ಳಿ ಅಣ್ಣಾ.

ಟೈಲರ್: ಹಚ್ಚಿದೆ ಅಕ್ಕಾ. ಬರೀ ಜ್ಯಾಮ್ ತಿಂದ ಹಾಗಿತ್ತು. ನನ್ನ ನಾಲಿಗೆ ಕೆಟ್ಟಿದೆ ಅಂದ್ಕೊಂಡೆ. ಮನೆಯವಳೂ ಸಪ್ಪೆ ಅಂದ್ಳು. ಅವಳ ನಾಲಿಗೆ ಕೆಡೋ ಪೈಕಿ ಅಲ್ಲ, ಅದು ನನಗೆ ಗೊತ್ತು.

ಬೇಕರಿಯವ: ನನ್ನ ಬ್ರೆಡ್ಡು ಸಪ್ಪೆನಾ? ಸಾಧ್ಯವೇ ಇಲ್ಲ.

ಟೈಲರ್: ತಿಂದು ನೋಡಿ.

ಬೇಕರಿಯವ: ನಾನು ತಿನ್ನಲ್ಲ.

ಟೈಲರ್: ತಿನ್ನಲ್ಲ ಅಂದ್ರೆ? ಈಗ ತಿನ್ನಲ್ವಾ?

ಬೇಕರಿಯವ: ಯಾವಾಗ್ಲೂ ತಿನ್ನಲ್ಲ. ಬಿಟ್ಟುಬಿಟ್ಟಿದೀನಿ. ಮೊದಮೊದ್ಲು ಹಿಟ್ಟಿನ ರುಚಿ ನೋಡಿ ಉಗೀತಿದ್ದೆ. ಕಳೆದ ವಾರದಿಂದ ಅದನ್ನೂ ಬಿಟ್ಟೆ. ಬ್ರೆಡ್ಡನ್ನ ಬಾಯಿಗೇ ಸೋಕಿಸಲ್ಲ.

ಟೈಲರ್ ಕಂಕುಳಲ್ಲಿ ಇರಿಸಿಕೊಂಡಿದ್ದ ಬ್ರೆಡ್ಡಿನ ಪೊಟ್ಟಣವನ್ನು ನಿಧಾನವಾಗಿ ಕೌಂಟರಿನ ಮೇಲಿಟ್ಟ.

ಟೈಲರ್: ಅದರಲ್ಲಿ ಏನಿದೆ?

ಬೇಕರಿಯವ: ಮೈದಾ. ಹಾಲು. ಸಕ್ಕರೆ.

ಟೈಲರ್: ಅವಕ್ಕೇನಾಗಿದೆ?

ಬೇಕರಿಯವ: ಏನೂ ಆಗಿಲ್ಲ. ಅವೇ ಮೈಗೆ ಆಗಲ್ಲ.

ಹೆಂಡತಿ: ಹಾಗಲ್ಲ ಅಣ್ಣಾ! ಇವರಿಗೆ ಡಾಕ್ಟ್ರು ಬೇಡ ಅಂದಿದಾರೆ, ಅಷ್ಟೇ.

ಟೈಲರ್: ಡಾಕ್ಟ್ರೇ ಹೇಳಿದ್ರಾ? ಈ ಅಂಗಡಿ ಬ್ರೆಡ್ಡು ಬೇಡ ಅಂತ?

ಹೆಂಡತಿ: ಈ ಅಂಗಡಿದು ಅಂತಲ್ಲ...

ಬೇಕರಿಯವ: ಮಂಡಿ ಡಾಕ್ಟ್ರು.

ಟೈಲರ್: ಬ್ರೆಡ್ಡಿಂದ ಮಂಡಿ ಹೋಗುತ್ತಾ?

ಅವನ ಕೈ ತಾನಾಗಿಯೇ ಬಲಮಂಡಿಯ ಮೇಲೆ ಹೋಯಿತು.

ಟೈಲರ್: ಇಷ್ಟು ವರ್ಷ ಹೊಲಿಗೆ ಮಿಷನ್ ತುಳಿದು ತುಳಿದು ನೋಯ್ತಿದೆ ಅಂದ್ಕೊಂಡಿದ್ದೆ. ನಿಮ್ಮ ಬನ್ನು ತಾನಾ ಅದು?

ಹೆಂಡತಿ: ಅಯ್ಯೋ, ಬನ್ನಲ್ಲ ಅಣ್ಣಾ. ಇವರು ದಪ್ಪ ಇದ್ರಲ್ಲ, ಆ ಭಾರಕ್ಕೆ ಮಂಡಿ...

ಟೈಲರ್: ದಪ್ಪ ಯಾವುದ್ರಿಂದ ಆಗಿದ್ರು?

ಹೆಂಡತಿ ಬಾಯಿ ತೆರೆದಳು. ಹೇಳಲು ಇದ್ದದ್ದು ಒಂದೇ ಉತ್ತರ, ಅದನ್ನು ಹೇಳುವಂತಿರಲಿಲ್ಲ. ಬಾಯಿ ಮುಚ್ಚಿದಳು.

ಬೇಕರಿಯವ (ಪ್ರಾಮಾಣಿಕವಾಗಿ): ಬನ್ನಿಂದ.

ಟೈಲರ್: ಇವತ್ತು ಬ್ರೆಡ್ಡು ಬೇಡ ಅಕ್ಕಾ. ಆ ಸೌತೆಕಾಯಿ ಎಲ್ಲಿ ತಂದ್ರಿ?

ಅವನು ಹೊರಟುಹೋದ. ಬೀದಿ ದಾಟುವಾಗ ಬಲಗಾಲನ್ನು ಸ್ವಲ್ಪ ಎಳೆದುಕೊಂಡೇ ನಡೆದ. ಬರುವಾಗ ಎಳೆದಿರಲಿಲ್ಲ.

ಹೆಂಡತಿ: ಆಯ್ತಲ್ಲ. ಇನ್ನು ಅಳತೆ ಕೊಡೋಕೆ ಬಂದೋರಿಗೆಲ್ಲ ಸುತ್ತಳತೆ ಜೊತೆಗೆ ಈ ಕಥೇನೂ ಸಿಗುತ್ತೆ. ನಿಮ್ಮ ಆರೋಗ್ಯಾನೇ ನಮ್ಮ ಅಂಗಡಿಗೆ ಬಂದಿರೋ ಕಾಯಿಲೆ ಕಣ್ರೀ.

ಬೇಕರಿಯವ: ಸುಳ್ಳು ಹೇಳ್ಬೇಕಿತ್ತಾ?

ಹೆಂಡತಿ: ಸುಳ್ಳು ಬೇಡ. ಸುಮ್ನೆ ಇರ್ಬಹುದಿತ್ತು. ಆದಿಮಾನವನಿಗೆ ಅಷ್ಟೊಂದು ಮಾತು ಬರ್ತಿತ್ತಾ?

ಬೇಕರಿಯವ: ನೋಡೇ, ಈಗ ನಾನು ಬಗ್ಗಿ ಓವನ್ ಬಾಗಿಲು ತೆಗೀತೀನಿ. ಮುಂಚೆ ಬಗ್ಗಿದ್ರೆ ಯಾರಾದ್ರೂ ಬಂದು ಎಬ್ಬಿಸ್ಬೇಕಿತ್ತು.

ಹೆಂಡತಿ: ಯಾರಾದ್ರೂ ಅಲ್ಲ. ನಾನು.

 ಅಷ್ಟರಲ್ಲಿ ಅಂಗಡಿಯ ಮುಂದೆ ಒಂದು ವ್ಯಾನು ನಿಂತು, ಬಿಳಿ ಕೋಟಿನ ಹೆಂಗಸೊಬ್ಬರು ಇಳಿದರು. ದೊಡ್ಡಾಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಮೇಡಂ. ರೋಗಿಗಳಿಗೆ ಬ್ರೆಡ್ಡು ಹೋಗುತ್ತಿದ್ದುದು ಇಲ್ಲಿಂದಲೇ. ಬೀದಿಯವರೆಲ್ಲ ಬ್ರೆಡ್ಡು ಬಿಟ್ಟರೂ ಅಂಗಡಿ ಉಳಿದೀತು, ಈ ಮೇಡಂ ಬಿಟ್ಟರೆ ಉಳಿಯದು. ಫೋನಿನಲ್ಲಷ್ಟೇ ಮಾತಾಡುವವರು ಖುದ್ದಾಗಿ ಬಂದದ್ದು ಕಂಡು ಹೆಂಡತಿ ಗಾಬರಿಯಿಂದ ಕೌಂಟರು ಬಿಟ್ಟು ಮುಂದೆ ಬಂದಳು.

ಮೇಡಂ: ನಿಮ್ಮ ಬ್ರೆಡ್ಡಿನ ವಿಷಯ ಮಾತಾಡ್ಬೇಕಿತ್ತು.

ಹೆಂಡತಿ: ಟೈಲರ್ ಮಾತು ನಂಬ್ಬೇಡಿ ಮೇಡಂ!

ಮೇಡಂ: ಯಾವ ಟೈಲರ್?

ಬೇಕರಿಯವ: ಯಾರೂ ಇಲ್ಲ. ನೀವು ಹೇಳಿ.

ಮೇಡಂ: ಈ ವಾರ ಬ್ರೆಡ್ಡಲ್ಲಿ ಏನೋ ಬದಲಾಗಿದೆ.

ಬೇಕರಿಯವ: ಏನೂ ಬದಲಾಗಿಲ್ಲ. ಅದೇ ಮೈದಾ, ಅದೇ ಕೈ.

ಮೇಡಂ: ಒಂದು ಚೂರು ತಿಂದು ನೋಡಿ ಹೇಳಿ.

ಹೆಂಡತಿ: ನಾನು ತಿಂತೀನಿ ಮೇಡಂ.

ಮೇಡಂ: ಮಾಡಿದೋರು ತಿನ್ಲಿ.

ಹೆಂಡತಿ ಒಂದು ತುಂಡು ಕೊಯ್ದು ಗಂಡನ ಮುಂದೆ ಹಿಡಿದಳು. ಬೇಕರಿಯವ ಅದನ್ನು ನೋಡಿದ. ಮೇಡಂ ಅವರನ್ನು ನೋಡಿದ. ಹೊರಗೆ ನಿಂತ ವ್ಯಾನನ್ನು ನೋಡಿದ. ಅಪ್ಪ ಕಟ್ಟಿದ ಅಂಗಡಿ ಒಂದು ಕಡೆ, ಈಗಷ್ಟೇ ಮಡಚಲು ಒಪ್ಪಿದ ಮಂಡಿ ಇನ್ನೊಂದು ಕಡೆ. ಕೊನೆಗೆ ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡ. ಅಗಿದ. ಅಗಿಯುವುದನ್ನು ನಿಲ್ಲಿಸಿದ. ಮತ್ತೆ ಅಗಿದ. ಮುಖದ ಮೇಲೆ ಬಂದ ಭಾವ, ನಡುಬೀದಿಯಲ್ಲಿ ಸ್ವಂತ ಮಗ ಗುರುತು ಹಿಡಿಯದೆ ಮುಂದೆ ಹೋದಾಗ ಬರುವಂಥದ್ದು.

ಬೇಕರಿಯವ: ಉಪ್ಪಿಲ್ಲ.

ಮೇಡಂ: ಇಲ್ಲ.

ಬೇಕರಿಯವ: ಕಮ್ಮಿ ಅಲ್ಲ, ಇಲ್ಲವೇ ಇಲ್ಲ!

ಅವನು ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕುಳಿತ. ಹಿಟ್ಟು ನಾದುವಾಗ ಚಿಟಿಕೆ ಬಾಯಿಗೆ ಹಾಕಿಕೊಂಡು, ರುಚಿ ನೋಡಿ, ಆಮೇಲೆ ಉಪ್ಪು ಬೆರೆಸುವುದು ಅವನ ಕೈ ಕಲಿತ ಕ್ರಮ. ಆ ಚಿಟಿಕೆ ನಿಂತ ದಿನವೇ ಉಪ್ಪಿನ ಡಬ್ಬಿಯತ್ತ ಕೈ ಹೋಗುವುದೂ ನಿಂತಿತ್ತು. ಬಾಯಿ ಮರೆತದ್ದನ್ನು ಕೈ ನೆನಪಿಸಿರಲಿಲ್ಲ.

ಬೇಕರಿಯವ: ತಪ್ಪಾಯ್ತು ಮೇಡಂ. ಅಷ್ಟನ್ನೂ ವಾಪಸ್ ತಗೊಳ್ತೀನಿ.

ಮೇಡಂ: ವಾಪಸ್ ಯಾಕೆ? ನನಗೆ ಇದೇ ಬೇಕು.

ಬೇಕರಿಯವ: ಯಾವುದು?

ಮೇಡಂ: ಉಪ್ಪಿಲ್ಲದ್ದು. ಬಿಪಿ ಇರೋರಿಗೆ, ಕಿಡ್ನಿ ವಾರ್ಡಿಗೆ. ಎಷ್ಟು ದಿನದಿಂದ ಹುಡುಕ್ತಿದೀನಿ, ಯಾವ ಬೇಕರಿಯವರೂ ಮಾಡ್ಕೊಡಲ್ಲ ಅಂತಾರೆ. ನೀವು ನೋಡಿದ್ರೆ ಕೇಳದೇನೇ ಕಳಿಸಿದೀರಿ.

ಬೇಕರಿಯವ: ನಾನು ಬೇಕೂಂತ ಮಾಡಿದ್ದಲ್ಲ! ಉಪ್ಪಿಲ್ಲದ ಬ್ರೆಡ್ಡನ್ನ ನಮ್ಮಪ್ಪ ಕಂಡಿದ್ರೆ...

ಹೆಂಡತಿ ಅವನ ಪಾದದ ಮೇಲೆ ತನ್ನ ಪಾದವಿಟ್ಟು ಒತ್ತಿದಳು.

ಹೆಂಡತಿ: ರೋಗಿಗಳ ಕಷ್ಟ ನೆನೆದು ಮಾಡಿದಾರೆ ಮೇಡಂ. ಹೇಳ್ಕೊಳ್ಳೋಕೆ ನಾಚಿಕೆ ಇವರಿಗೆ.

ಮೇಡಂ: ಮುಂದಕ್ಕೂ ಕಳಿಸಿ. ಆದ್ರೆ ಮಿಕ್ಕ ವಾರ್ಡಿನೋರು ನನ್ನ ಜನ್ಮ ಜಾಲಾಡ್ತಿದಾರೆ, ಅವರಿಗೆ ಉಪ್ಪಿಂದೇ ಬೇಕು. ಎರಡೂ ನೋಡೋಕೆ ಒಂದೇ ಥರ. ಬೆರೆತುಹೋದ್ರೆ ರೋಗಿ ಜೀವಕ್ಕೆ ಬರುತ್ತೆ. ದಿನಾ ಎರಡನ್ನೂ ರುಚಿ ನೋಡಿ, ಚೀಟಿ ಅಂಟಿಸಿ ಕಳಿಸ್ಬೇಕು. ಒಬ್ರೇ ನೋಡಿದ್ರೆ ಸಾಲದು, ಇಬ್ರು ನೋಡಿ.

ಹೆಂಡತಿ: ಇಬ್ರೂ ನೋಡ್ತೀವಿ.

ಬೇಕರಿಯವ: ನಾನು ಧಾನ್ಯ...

ಪಾದ ಇನ್ನಷ್ಟು ಬಲವಾಗಿ ಒತ್ತಿತು.

ಬೇಕರಿಯವ: ...ಧಾರಾಳವಾಗಿ ನೋಡ್ತೀನಿ ಮೇಡಂ.

ವ್ಯಾನು ಹೋಯಿತು. ಹೆಂಡತಿ ಬಟ್ಟೆ ಹಿಡಿದು, ಆಗಲೇ ಚೊಕ್ಕಟವಾಗಿದ್ದ ಕೌಂಟರನ್ನು ಒರೆಸತೊಡಗಿದಳು. ಬೇಕರಿಯವ ಅವಳನ್ನೇ ನೋಡುತ್ತ ನಿಂತ.

ಬೇಕರಿಯವ: ಅಲ್ಲ ಕಣೇ, ನಾನು ಬಾಯಿಗೆ ಹಾಕಲ್ಲ, ಸರಿ. ನೀನು ದಿನಾ ತಿಂತೀಯಲ್ಲ. ನಿನಗೆ ಗೊತ್ತಾಗ್ಲಿಲ್ವಾ?

ಹೆಂಡತಿ: ಗೊತ್ತಾಯ್ತು.

ಬೇಕರಿಯವ: ಯಾವಾಗ?

ಹೆಂಡತಿ: ಮೊದಲ್ನೇ ದಿನವೇ.

ಬೇಕರಿಯವ: ಮತ್ತೆ ಹೇಳ್ಬಾರ್ದಾ?

ಹೆಂಡತಿ: ಯಾವಾಗ ಹೇಳ್ಲಿ? ಮುಂಚೆ ಓವನ್ನಿಂದ ಇಳಿದ ಮೊದಲ್ನೇ ಬನ್ನು ಮುರಿದು ಅರ್ಧ ನನಗೆ ಕೊಡ್ತಿದ್ರಿ. ತಿಂತಾ ಎರಡು ಮಾತು ಆಡ್ತಿದ್ವಿ. ಆಮೇಲೆ ಅಂಗಡಿ ಬಾಗಿಲು ತೆಗೆದ್ರೆ ಸಂಜೆವರೆಗೂ ಮಾತಾಡೋಕೆ ಪುರುಸೊತ್ತೆಲ್ಲಿ? ಈಗ ನೀವು ಆ ಮೂಲೇಲಿ ಕೂತು ಕಟಂ ಕಟಂ ಅಂತ ಸೌತೆಕಾಯಿ ಕಡೀತೀರಿ. ನಾನು ಈ ಮೂಲೇಲಿ ಒಬ್ಳೇ ಇಡೀ ಬನ್ನು ತಿಂದು ದಪ್ಪ ಆಗ್ತಿದೀನಿ.

ಬೇಕರಿಯವ: ಅದಕ್ಕೆ ಅಂಗಡೀನೇ ಮುಳುಗಿಸೋದಾ?

ಹೆಂಡತಿ: ಮುಳುಗೋ ಮುಂಚೆ ಒಂದಿನ ನೀವೇ ತಿಂದು ನೋಡ್ತೀರಿ ಅಂದ್ಕೊಂಡೆ. ಬ್ರೆಡ್ಡಿಗೆ ಉಪ್ಪಿಲ್ಲ ಅಂದ್ರೆ ಗಂಡನಿಗೆ ಹೇಳ್ಬಹುದು. ಗಂಡನೇ ಉಪ್ಪಿಲ್ಲದೋನಾದ್ರೆ ಯಾರಿಗೆ ಹೇಳೋದು?

ಬೇಕರಿಯವ ಒಳಗೆ ಹೋದ. ಹೊಸದಾಗಿ ಹಿಟ್ಟು ಕಲಸಿ, ಎರಡು ಪಾಲು ಮಾಡಿ, ಬೇರೆ ಬೇರೆ ಟ್ರೇಯಲ್ಲಿಟ್ಟ. ಒಂದು ಪಾಲನ್ನು ನಾದುವಾಗ ಅವನ ಬೆರಳು ಬಾಯಿಯ ಕಡೆಗೆ ಹೋಯಿತು, ಅಲ್ಲಿಂದ ನೇರವಾಗಿ ಉಪ್ಪಿನ ಡಬ್ಬಿಗೆ. ಹೆಂಡತಿ ಬಾಗಿಲ ಸಂದಿಯಿಂದ ನೋಡಿದಳು. 

ಮಧ್ಯಾಹ್ನದ ಹೊತ್ತಿಗೆ ಎರಡು ಟ್ರೇ ಬನ್ನು ಇಳಿದವು. ಬೇಕರಿಯವ ಎರಡರ ನಡುವೆ, ಹೆಣ್ಣು ನೋಡಲು ಬಂದ ವರನ ಹಾಗೆ ಬಿಗಿದು ನಿಂತ.

ಹೆಂಡತಿ: ಹೀಗೆ ಮಾಡೋಣ. ನಿಮ್ಮ ಪಥ್ಯ ಪೂರ್ತಿ ಕೆಡೋದು ಬೇಡ. ಉಪ್ಪಿಲ್ಲದ್ದನ್ನ ನೀವು ಒಂದು ಚೂರು ನೋಡಿ. ಉಪ್ಪಿಂದು ನಾನು ನೋಡ್ಕೊಳ್ತೀನಿ.

ಬೇಕರಿಯವ: ಇಬ್ರೂ ಎರಡನ್ನೂ ನೋಡ್ಬೇಕು ಅಂತ ಒಪ್ಕೊಂಡಿದೀವಿ.

ಹೆಂಡತಿ: ಸಪ್ಪೇದು ಮೊದ್ಲು ನೋಡಿ ಹಾಗಾದ್ರೆ.

ಸಪ್ಪೆಯದನ್ನು ಇಬ್ಬರೂ ಔಷಧಿಯಂತೆ ಚೂರೇ ಚೂರು ಬಾಯಿಗಿಟ್ಟು, ತಲೆಯಾಡಿಸಿ, ಚೀಟಿ ಅಂಟಿಸಿದರು. ಬೇಕರಿಯವ ಇನ್ನೊಂದು ಟ್ರೇಗೆ ಕೈ ಚಾಚಿ ಒಂದು ಇಡೀ ಬನ್ನು ಎತ್ತಿಕೊಂಡ.

ಹೆಂಡತಿ: ಅದಕ್ಕೂ ಒಂದು ಚೂರು ಸಾಕಲ್ವಾ?

ಬೇಕರಿಯವ: ಪಥ್ಯ ಮುರಿಯೋದಾದ್ರೆ ರುಚಿಗಾದ್ರೂ ಮುರೀಬೇಕು. ದಿನಕ್ಕೆ ಅರ್ಧ ಬನ್ನು. ಮಿಕ್ಕಿದ್ದೆಲ್ಲ ಗುಹೆ ಊಟಾನೇ.

ಬಿಸಿ ಬನ್ನು ಅವನ ಕೈಯಲ್ಲಿ ಹಬೆಯಾಡುತ್ತ ಸರಿಯಾಗಿ ನಡುವೆ ಮುರಿಯದೆ, ಒಂದು ದೊಡ್ಡದು ಒಂದು ಚಿಕ್ಕದು ಆಯಿತು. ಅವನು ಧಾರಾಳ ಮನಸ್ಸಿನಿಂದ ಚಿಕ್ಕದನ್ನು ಹೆಂಡತಿಯ ಮುಂದೆ ಹಿಡಿದ. ಅವಳು ಕೈ ಚಾಚಿ ದೊಡ್ಡದನ್ನು ತೆಗೆದುಕೊಂಡಳು.

ಬೇಕರಿಯವ: ಅದು ನಂದು.

ಹೆಂಡತಿ: ನೀವು ಪಥ್ಯದಲ್ಲಿದೀರಿ.