ನಾಲ್ಕನೇ ಸೀಟಿನ ಬಾಲ

ನಮ್ಮ ಕಾಕಾನಿಗೆ ಬಾಲವಿದೆ. ನಗಬೇಡಿ, ನಿಮಗೂ ಇದೆ! ಬೆನ್ನಿನ ಕಟ್ಟಕಡೆಯ ಆ ಪುಟ್ಟ ಎಲುಬು ನಿಮಗೆ ತೊಂದರೆ ಕೊಟ್ಟಿಲ್ಲ, ಹಾಗಾಗಿ ಮರೆತಿದ್ದೀರಿ. ಕಾಕಾ ಅಂದರೆ ನನ್ನ ತಂದೆಯ ತಮ್ಮ, ಧಾರವಾಡದವರು. ಅವರಿಗೆ ಕೂತರೆ ನೋವು, ಎದ್ದರೆ ಆರಾಮ. ಊಟವನ್ನೂ ನಿಂತೇ ಮಾಡುತ್ತಿದ್ದರು. ಮುಂಬಯಿಯ ನಮ್ಮ ಬೊರಿವಲಿ ಮನೆಯಲ್ಲಿ ದಿನವೂ ಬಫೆ!

ನೌಕರಿಯ ಕಾಲವನ್ನೆಲ್ಲ ಅವರು ಲೋಕಲ್ ಟ್ರೇನ್‌ನಲ್ಲಿ, ಮೂವರ ಸೀಟಿಗೆ ನಾಲ್ಕನೆಯವರಾಗಿ, ಅರ್ಧ ಪೃಷ್ಠವನ್ನು ಗಾಳಿಯಲ್ಲಿಟ್ಟು ಕಳೆದವರು. ನಿವೃತ್ತರಾದ ಮೇಲೂ ಸೋಫಾದ ತುದಿಯೇ ಬೇಕು. ಉಳಿದ ಸೋಫಾ ಖಾಲಿ!

"ನಡುವ ಕೂಡ್ರಿ, ಕಾಕಾ."

"ಮಂದಿ ಅದಾರಲ್ಲೋ."

"ಯಾರು?"

"ನಮ್ಮ ಟ್ರೇನಿನ ಡಬ್ಬಾದ ದೋಸ್ತರು."

ಒಂದೇ ಸೀಟಿನ ಆ ಮೂವರೂ ಅಷ್ಟರಲ್ಲಿ ತೀರಿಕೊಂಡಿದ್ದರು. ನಾವೆಲ್ಲ ನಕ್ಕೆವು ಎಂದು ನನ್ನ ನೆನಪು. ಆದರೆ ನಗುವನ್ನು ಆಮೇಲೆ ತಂದು ಅಂಟಿಸುವ ಚಾಳಿ ನೆನಪಿಗಿದೆ. ಆ ಖಾಲಿ ಜಾಗದಲ್ಲಿ ಮನೆಯವರು ಯಾರೂ ಕೂರುತ್ತಿರಲಿಲ್ಲ. ಅಷ್ಟು ಮಾತ್ರ ನಿಜ.

ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ಹಂಗಾರ ನನ್ನ ಬ್ಯಾನಿ ಸುಳ್ಳೇನು?" ಎಂದು ಕಾಕಾನ ಮುಖ ಸಣ್ಣದಾಯಿತು. ಸುಳ್ಳಲ್ಲ, ಎಂದರು ಡಾಕ್ಟರು. ಕೆಲವರಲ್ಲಿ ಈ ಎಲುಬು ಕೂತಾಗ ಮಾತ್ರ ಜಾಗ ಬಿಡುತ್ತದಂತೆ. ನಿಂತು ಒಂದು, ಕೂತು ಒಂದು ಚಿತ್ರ ತೆಗೆದು ಹೋಲಿಸಬೇಕು. ಆದರೆ ಕೂರುವಾಗ ಪೂರ್ತಿ ಭಾರ ಬಿಟ್ಟು, ನೋವು ಬರುವ ಹಾಗೇ ಕೂರಬೇಕು!

ಸಾಂತಾಕ್ರೂಜಿನ ಎಕ್ಸ್‌ರೇ ಕೋಣೆ ತಣ್ಣಗಿತ್ತು. ನಿಂತ ಚಿತ್ರ ಮುಗಿಯಿತು. ಬೆಂಚು ತಂದಿಟ್ಟರೆ, ಕಾಕಾ ತುದಿಗೇ ಕೂತರು.

"ಬೀಚ್ ಮೇ ಬೈಠಿಯೇ, ಅಂಕಲ್," ಎಂದ ಎಕ್ಸ್‌ರೇಯವನು.

"ನಡುವ ಹೆಂಗ ಕೂಡ್ಲಿ? ಇವರ ತೊಡಿ ಮ್ಯಾಲ?" ಎಂದು ಕಾಕಾ ನನ್ನನ್ನು ಕೇಳಿದರು.

ಅವನಿಗೆ ಕನ್ನಡ ಬಾರದು. "ಬಾಕಿ ಸಬ್ ಬಾಹರ್!" ಎಂದ, ಉಳಿದವರೆಲ್ಲ ಹೊರಗೆ. ಕಿರಣ ಬಿಡುವಾಗ ರೋಗಿಯ ಹೊರತು ಯಾರೂ ಒಳಗಿರಬಾರದು.

ಅವನು ಹೇಳಿದ್ದು ನನಗೆ. ಗಾಬರಿಯಾದದ್ದು ಕಾಕಾನಿಗೆ. "ಹೌದಲ್ಲ! ಇವರಿಗೆ ತಾಗಬಾರದು" ಎಂದು ಎದ್ದು ಬಂದು, ನಾನು ಹೊರಬಿದ್ದ ಮೇಲೂ ಬಾಗಿಲು ಹಿಡಿದು ನಿಂತರು.

"ನಡೀರಪಾ, ಸ್ಟೇಷನ್ ಬಂತು. ಇಳೀರಿ."

ಹೆಗಲ ಎತ್ತರದಲ್ಲಿ ಗಾಳಿಯನ್ನು ಸವರಿದರು, ಒಬ್ಬೊಬ್ಬರನ್ನೇ. ಯಾರಾದರೂ ನಗಬೇಕಾದ ಹೊತ್ತು! ಬಾಗಿಲು ಮುಚ್ಚುವಾಗ ಅವರ ಕಣ್ಣು ತುಂಬಿತ್ತು.

ಒಳಗಿನಿಂದ "ಯವ್ವಾ!" ಕೇಳಿಸಿತು. ನಡುವೆ ಕೂತಿದ್ದರು. ನಿಂತಾಗ ನೆಟ್ಟಗಿದ್ದ ಎಲುಬು ಕೂತಾಗ ಹಿಂದಕ್ಕೆ ಜಾರಿತ್ತೆಂದು, ಬ್ಯಾನಿ ನಿಜವೆಂದು, ಆಮೇಲೆ ಡಾಕ್ಟರು ತೋರಿಸಿದರು.

ಆ ಗಳಿಗೆಯಲ್ಲಿ ನಾನು ಹೊರಗಿನ ಬೆಂಚಿನ ಮೇಲೆ ಒಬ್ಬನೇ ಇದ್ದೆ. ಎದುರಿಗೆ ಯಾರೋ ನಿಂತೇ ಇದ್ದಾರೆ ಅನಿಸಿತು. ತುದಿಗೆ ಸರಿದು ಮೆಲ್ಲಗೆ ಹೇಳಿದೆ:

"ಬರ್ರಿ, ಕೂಡ್ರಿ. ಕಾಕಾ ಈಗ ಬರತಾರ."